ಊಟದ ಕೊನೆಯ ಬಟ್ಟಲು

ಸೋದರಸೊಸೆಗೆ ಡಾಕ್ಟರೇಟು ಬಂದ ಸಂತೋಷಕ್ಕೆ ಮೊನ್ನೆ ಹುಣಸೂರಿನಿಂದ ನಾವು ಏಳು ಮಂದಿ ಮೈಸೂರಿಗೆ ಹೋಗಿ, ದೊಡ್ಡ ಹೋಟೆಲೊಂದರಲ್ಲಿ ಊಟ ಮಾಡಿದೆವು. ಊಟ ಮುಗಿದು ಕಸ್ಟರ್ಡು ಬಂದಾಗ ಅದರ ಹಿಂದೆಯೇ ಪುಟ್ಟ ಗಾಜಿನ ಬಟ್ಟಲಿನಲ್ಲಿ ಹೊಂಬಣ್ಣದ ಪಾನೀಯವೊಂದು ಬಂತು. "ಒಂದು ಗುಟುಕು ನೋಡಿ ಮಾವ, ಇದು ಸಿಹಿಯ ಜೊತೆಗೇ ಕುಡಿಯುವ ವೈನು" ಎಂದಳು ಹುಡುಗಿ. ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ಮದ್ಯಪಾನದ ಕೇಡನ್ನು ಕುರಿತು ಪ್ರಬಂಧ ಬರೆಯಿಸಿದ ಉಪಾಧ್ಯಾಯ ನಾನು. ಆದರೂ ಕುಡಿದೆ.

ಚೆನ್ನಾಗಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲು ಒಣದ್ರಾಕ್ಷಿಯ ಸಿಹಿ, ಅದರ ಬೆನ್ನಿಗೆ ನಿಂಬೆಯಂಥ ತೆಳುವಾದ ಹುಳಿ. ಕೊನೆಯಲ್ಲಿ ನಾಲಗೆಯ ಮೇಲೆ ಉಳಿದದ್ದು, ನಾನು ಚಿಕ್ಕವನಾಗಿದ್ದಾಗ ಹೆಗ್ಗಡದೇವನಕೋಟೆಯ ಕಡೆಯಿಂದ ಬರುತ್ತಿದ್ದ ಕಾಡುಜೇನಿನ ನೆನಪು. ದ್ರಾಕ್ಷಿಯನ್ನು ಬೇಗ ಕೊಯ್ಯದೆ, ಬಳ್ಳಿಯಲ್ಲಿಯೇ ಸುಕ್ಕುಗಟ್ಟುವ ತನಕ ಬಿಡುತ್ತಾರಂತೆ. ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಹುದುಗು ಆ ಸಕ್ಕರೆಯನ್ನೆಲ್ಲ ಮದ್ಯವಾಗಿಸುವುದಕ್ಕೆ ಮುಂಚೆಯೇ ಕೆಲಸ ನಿಲ್ಲಿಸುವುದರಿಂದ ಸಿಹಿ ಉಳಿಯುತ್ತದೆ. ಫ್ರಾನ್ಸಿನ ಸೊತೆರ್ನ್ ಎಂಬಲ್ಲಿ ಹಣ್ಣಿಗೆ ಬೂಷ್ಟು ಹಿಡಿಯಲೆಂದೇ ಕಾಯುತ್ತಾರೆ! ನಮ್ಮ ಗೃಹಿಣಿಯರು ಕೇಳಿದರೆ ನಕ್ಕಾರು.

ಭೋಜನರಸಿಕತೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹುಣಸೂರು ಪ್ರಾಂತದ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆದಿಭಾಗದಲ್ಲಿಯೇ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿ, ಪಾನಕಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟ. ಜೈನಕವಿಯಾದ ಅವನಿಗೆ ಮದ್ಯದಂತೆ ಮಧುವೂ ವರ್ಜ್ಯವೇ. ನನ್ನ ಬಟ್ಟಲನ್ನು ಅವನು ಒಪ್ಪುತ್ತಿರಲಿಲ್ಲ. ಆದರೆ ಗುಟುಕು ಗುಟುಕಾಗಿ ಸವಿಯುವ ವಿಧಾನವನ್ನು ಬಹುಶಃ ಒಪ್ಪುತ್ತಿದ್ದ.

ಇಷ್ಟಾದರೂ ಮನಸ್ಸಿಗೆ ನೆಮ್ಮದಿಯಿಲ್ಲ. ನಮ್ಮ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗಾಗಿ ಒಂದು ನೀತಿಯನ್ನು ರೂಪಿಸಿತು. ಅದೇ ವರ್ಷದ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಎರಡೂ ತಪ್ಪೆಂದು ನಾನು ಹೇಳುವುದಿಲ್ಲ. ದ್ರಾಕ್ಷಿ ಬೆಳೆಯುವ ರೈತನೂ ಬದುಕಬೇಕು. ಸಾರಾಯಿ ಮುಳುಗಿಸಿದ ಸಂಸಾರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ನನ್ನ ಶಿಷ್ಯನೊಬ್ಬನ ತಂದೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಬೆಂಕಿ ಕಾಯುತ್ತಿದ್ದ. ನಿದ್ದೆ ತಡೆಯಲೆಂದು ಒಂದು ಪ್ಯಾಕೆಟ್ಟು, ಬೆಳಗ್ಗೆ ಮೈನೋವು ಮರೆಯಲೆಂದು ಇನ್ನೊಂದು. ಎರಡು ವರ್ಷದಲ್ಲಿ ಬೆಂಕಿ ಕಾಯುವ ಕೆಲಸ ಮಗನ ಪಾಲಿಗೆ ಬಂತು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿದ ಕೈ ಇದೇ. ಸಾರಾಯಿ ಹೋದ ಮೇಲೆ ಅಂಥವರು ಕುಡಿತವನ್ನೇನೂ ಬಿಡಲಿಲ್ಲ. ಅಗ್ಗದ ವಿಸ್ಕಿಗೆ ತಿರುಗಿದರು.

ನನ್ನ ತಕರಾರು ನಮ್ಮ ಮಾತಿನ ಮೇಲೆ. ಅವನು ಕುಡಿದರೆ ಚಟ, ನಾನು ಕುಡಿದರೆ ಅಭಿರುಚಿ! ನನ್ನ ಗುಟುಕನ್ನು ಮಿತದಲ್ಲಿಟ್ಟದ್ದು ನನ್ನ ಸಂಸ್ಕೃತಿಯಲ್ಲ. ತುಂಬಿದ ಹೊಟ್ಟೆ, ಸುತ್ತ ಕುಳಿತ ಬಂಧುಗಳು, ನಾಳೆ ಬೆಳಗ್ಗೆ ಏಳಲೇಬೇಕೆಂಬ ಬಲವಂತವಿಲ್ಲದ ಪಿಂಚಣಿಯ ಬಾಳು. ಇವುಗಳಲ್ಲಿ ಒಂದಾದರೂ ಆ ಮನುಷ್ಯನಿಗೆ ಇರಲಿಲ್ಲ. ದ್ರಾಕ್ಷಾರಸದ ಗುಣಗಾನ ಮಾಡುವ ಲೇಖಕರು, ನಾಳೆ ನಾನೂ ಅವರಲ್ಲಿ ಒಬ್ಬನಾದೇನು, ಈ ಊಟದ ಮೇಜನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಬಿಲ್ಲನ್ನು ಹುಡುಗಿ ನನಗೆ ತೋರಿಸದೆ ಕೊಡಲು ನೋಡಿದಳು. ನೋಡಿಯೇಬಿಟ್ಟೆ: ಆ ಬಟ್ಟಲೊಂದರ ಬೆಲೆ, ನಮ್ಮೂರಿನಲ್ಲಿ ಹೊಗೆಸೊಪ್ಪು ಮುರಿಯುವ ಹೆಣ್ಣಾಳಿನ ಒಂದು ದಿನದ ಕೂಲಿಗೆ ಮೇಲು. "ಇನ್ನೊಂದು ತರಿಸಲೇ ಮಾವ?" ಎಂದು ಅವಳು ಕೇಳಿದಾಗ ಬೇಡವೆಂದೆ. ಬೇಡವೆನ್ನಲು ಸ್ವಲ್ಪ ತಡವಾಯಿತು ಎಂಬುದನ್ನು ಅವಳು ಗಮನಿಸಿದಂತೆ ಕಾಣಲಿಲ್ಲ.