ಪೆಟ್ರೋಲ್ ಎಲ್ಲಿಂದ ಸೋರುತ್ತಿದೆ?
ಮೈಸೂರಿನ ಕಾರ್ಖಾನೆಯಲ್ಲಿ 1996ರಲ್ಲೇ ತಯಾರಿಕೆ ನಿಂತ ಹಳೆಯ ಯೆಜ್ಡಿ ಬೈಕ್‌ಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿಗೆ ಈ ಮಾತು: ಪೆಟ್ರೋಲ್ ತೊಟ್ಟಿಕ್ಕಿದ ಕೂಡಲೇ ಪೈಪ್ ಬದಲಿಸಬೇಡಿ. ಎಂಜಿನ್ ತಣಿದ ಮೇಲೆ, ಗಾಳಿಯಾಡುವ ಕಡೆ ನಿಲ್ಲಿಸಿ, ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ ಟ್ಯಾಂಕಿನ ಪೆಟ್ರೋಲ್ ಕಾಕ್ ತೆರೆಯಿರಿ. ಮೊದಲು ಒದ್ದೆಯಾಗುವ ಜಾಗ ನೋಡಿ. ಪೈಪ್ ಒಣಗಿದ್ದು ಕಾರ್ಬ್ಯುರೇಟರ್ ಸೋರುತ್ತಿದ್ದರೆ ತಕರಾರು ಬಹುಪಾಲು ಫ್ಲೋಟ್ ನೀಡಲಿನದು. ಅದು ಕೂರುವಲ್ಲಿ ಟ್ಯಾಂಕಿನ ತುಕ್ಕಿನ ಕಣ ಸಿಕ್ಕಿರುತ್ತದೆ, ಇಲ್ಲವೇ ತುದಿ ಸವೆದು ಗೆರೆ ಬಿದ್ದಿರುತ್ತದೆ. ಕಣವಾದರೆ ಬಿಚ್ಚಿ ತೊಳೆದರೆ ಸಾಕು. ಸವೆದ ನೀಡಲನ್ನು ಉಜ್ಜಿ ಉಳಿಸಲು ಹೋಗದೆ ಹೊಸದನ್ನೇ ಹಾಕಿ. ತೂತಾದ ಟ್ಯಾಂಕನ್ನಂತೂ, ಖಾಲಿಯಿದೆಯಲ್ಲ ಎಂದು, ಹಾಗೆಯೇ ವೆಲ್ಡಿಂಗ್‌ಗೆ ಕೊಡಲೇಬೇಡಿ. ಒಳಗುಳಿದ ಪೆಟ್ರೋಲ್ ಆವಿ ಸಿಡಿದು ವೆಲ್ಡರ್‌ನ ಜೀವಕ್ಕೇ ಅಪಾಯವಾಗಬಹುದು.