ಮನೆವಾರ್ತೆ: ಮೋಟಾರು ಮಿಸ್ತ್ರಿಯನ್ನು ಆರಿಸುವ ಬಗೆ

ಮುಧೋಳದ ವಾಚಕರೊಬ್ಬರು ನಮಗೊಂದು ಕಾಗದ ಬರೆದು, ಮೋಟಾರು ಕೊಳ್ಳುವಾಗ ಬುದ್ಧಿ ಹೇಳುವವರು ಊರ ತುಂಬ ಇರುವರೆಂದೂ, ಅದು ಕೆಟ್ಟು ನಿಂತ ದಿನ ಯಾರ ಕೈಗೆ ಒಪ್ಪಿಸಬೇಕೆಂದು ಹೇಳುವವರು ಒಬ್ಬರೂ ಇಲ್ಲವೆಂದೂ ನೊಂದುಕೊಂಡಿದ್ದಾರೆ. ಒಂದು ಗ್ಯಾರೇಜಿನವರು ಕ್ಲಚ್ ಪ್ಲೇಟು ಬದಲಿಸಿದೆವೆಂದು ಹೇಳಿ ಅವರಿಂದ 9,000 ರೂಪಾಯಿ ತೆಗೆದುಕೊಂಡರಂತೆ. ಮೂರು ತಿಂಗಳ ತರುವಾಯ ಬೇರೊಬ್ಬ ಮಿಸ್ತ್ರಿಯು ಬಿಚ್ಚಿ ನೋಡಲಾಗಿ, ಸವೆದ ಹಳೆಯ ಪ್ಲೇಟೇ ಒಳಗೆ ಕುಳಿತಿತ್ತಂತೆ. ಈ ಸಂಗತಿಯನ್ನೋದಿ ನಮಗೆ ಆಶ್ಚರ್ಯವಾಗಲಿಲ್ಲ; ಯಾಕಂದರೆ ನಾವೂ ಇಂಥದೇ ಹಳ್ಳಕ್ಕೆ ಬಿದ್ದು ಎದ್ದವರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಗೆ ಯಂತ್ರವು ಹೊಸದಲ್ಲ. ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳಿಯೇ ಮಕ್ಕಳು ಬೆಳೆಯುವವು. ಕಬ್ಬಿನ ಹಂಗಾಮು ಬಂದಿತೆಂದರೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರಖಾನೆಯ ದಾರಿಯನ್ನೆಲ್ಲ ತುಂಬಿಬಿಡುವವು. ಹೀಗಿರಲು ಕೈ ಪಳಗಿದ ಮಿಸ್ತ್ರಿಗಳಿಗೆ ನಮ್ಮಲ್ಲಿ ಬರವಿಲ್ಲ. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲಕ್ಕೆ, ಅಂದರೆ 1948ರ ಪೂರ್ವದಲ್ಲಿ, ಮೋಟಾರು ಅರಮನೆಯವರ ಹಾಗೂ ಕೆಲವು ಶ್ರೀಮಂತರ ವಸ್ತುವಾಗಿತ್ತು. ಈಗ ಅದು ಮಾಸ್ತರರ ಮನೆಯ ಮುಂದೆಯೂ ನಿಂತಿದೆ. ಆದರೆ ಟ್ರ್ಯಾಕ್ಟರಿನ ಎಂಜಿನ್ನನ್ನು ಕಿವಿಯಿಂದಲೇ ಅರಿಯುವ ಮಿಸ್ತ್ರಿಯ ಮುಂದೆ ಇಂದಿನ ಮೋಟಾರು ನಿಂತರೆ ಮಾತು ಬೇರೆ. 2020ನೆಯ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಸೆನ್ಸರುಗಳ ಸಂಖ್ಯೆ ಮತ್ತಷ್ಟು ಹೆಚ್ಚಿತು. ಅವುಗಳ ದೋಷ ಕಿವಿಗೆ ಕೇಳುವಂಥದಲ್ಲ. ಸ್ಕ್ಯಾನರು ಹಚ್ಚಿ ಓದಬೇಕಾಗುವದು. ಅದಿಲ್ಲದ ಕಡೆಯಲ್ಲಿ ಊಹೆಯಿಂದ ಒಂದೊಂದೇ ಸಾಮಾನು ಬದಲಿಸುತ್ತ ಹೋಗುವರು. ಇದನ್ನೆಲ್ಲ ಮೋಸವೆನ್ನಲಾಗದು, ಅರ್ಧ ಅಜ್ಞಾನವೂ ಇರುವದು. ಆದರೆ ರೊಕ್ಕ ಹೋಗುವದು ಮಾತ್ರ ಎರಡರಲ್ಲಿಯೂ ನಮ್ಮದೇ.

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ ಮಾಘಮಾಸದ ಒಂದು ಮುಂಜಾವಿನಲ್ಲಿ ನಮ್ಮ ಗಾಡಿ ಚಾಲೂ ಆಗಲಿಲ್ಲ. ಹೆದ್ದಾರಿಯ ಬದಿಗಿದ್ದ ಒಂದು ಗ್ಯಾರೇಜಿನವರು ಬಂದು ಬಾನೆಟ್ಟು ಎತ್ತಿ, "ಬ್ಯಾಟ್ರಿ ಹೋಗೇತ್ರೀ" ಎಂದರು. 5,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆವು. ಹಳೆಯದನ್ನು ಅವರೇ ಒಯ್ದರು, ನಾವು ಕೇಳಲೂ ಇಲ್ಲ. ಹನ್ನೆರಡು ದಿನಕ್ಕೆ ಮತ್ತೆ ಅದೇ ಗತಿ. ಈ ಸಲ "ಆಲ್ಟರ್ನೇಟರು ಕೆಟ್ಟದೆ" ಎಂದು 4,200 ಹಿಡಿದರು. ಅದಾಗಿ ಎಂಟು ದಿನಗಳಲ್ಲಿ ನಮ್ಮ ಸೋದರತ್ತೆಗೆ ರಾತ್ರಿ ಎದೆನೋವು ಬಂದಿತು. ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬನಹಟ್ಟಿಯಿಂದ ಬಾಗಲಕೋಟೆಗೆ ಹೊರಟೆವು. ಮಹಾಲಿಂಗಪುರ ದಾಟಿತು, ಮುಧೋಳ ದಾಟಿತು, ಲೋಕಾಪುರದ ಸಮೀಪ ದೀಪಗಳು ಮಂಕಾಗಿ ಗಾಡಿ ನಿಂತೇ ಬಿಟ್ಟಿತು. ರಾತ್ರಿ ಒಂದೂವರೆ. ನಮ್ಮ ಮನೆಯವರು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಹಾಕುತ್ತ ಕುಳಿತರು. ನಾವು ರಸ್ತೆಯ ನಡುವೆ ನಿಂತು ಕೈಮಾಡಿದೆವು. ಕಬ್ಬು ಇಳಿಸಿ ಮರಳುತ್ತಿದ್ದ ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ, ಫೋನು ಮಾಡಿ ತನ್ನ ಪರಿಚಯದ ಜೀಪೊಂದನ್ನು ಕರೆಸಿಕೊಟ್ಟನು. ಅತ್ತೆ ಬದುಕಿದರು. ಆ ಮುಕ್ಕಾಲು ತಾಸನ್ನು ಮಾತ್ರ ನಾವಿನ್ನೂ ಮರೆತಿಲ್ಲ.

ಮರುದಿನ ಆ ಜೀಪಿನ ಚಾಲಕನೇ ನಮ್ಮ ಗಾಡಿಯನ್ನು ಜಮಖಂಡಿಯ ಒಬ್ಬ ವಾಯರಿಂಗ್ ಮಿಸ್ತ್ರಿಯ ಕಡೆಗೆ ಎಳೆಯಿಸಿಕೊಂಡು ಹೋದನು. ಆ ಮುದುಕನು ಏನನ್ನೂ ಬಿಚ್ಚಲಿಲ್ಲ. ಬೇರೊಂದು ಬ್ಯಾಟರಿಯಿಂದ ಎಂಜಿನ್ನು ಚಾಲೂ ಮಾಡಿ, ಮೀಟರಿನ ಎರಡು ತುದಿಗಳನ್ನು ಮೊದಲು ಆಲ್ಟರ್ನೇಟರಿಗೆ ಹಚ್ಚಿದನು: 14.2 ವೋಲ್ಟು. ತರುವಾಯ ಬ್ಯಾಟರಿಗೆ ಹಚ್ಚಿದನು: 12.3. "ನೋಡ್ರೀ ಕಾಕಾ, ಅಲ್ಲಿ ಹುಟ್ಟಿದ್ದು ಇಲ್ಲಿಗೆ ಮುಟ್ಟವಲ್ದು. ನಡುವ ಯಾವುದೋ ತಿನ್ನಾಕತ್ತೈತಿ" ಎಂದು ಕೆಳಗೆ ಬಗ್ಗಿ, ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥಿಂಗ್ ವಾಯರನ್ನು ತೋರಿಸಿದನು. ಅದರ ಬೋಲ್ಟು ಜಂಗು ಹಿಡಿದು ಹಸಿರುಗಟ್ಟಿತ್ತು. ಹೊಸ ವಾಯರಿಗೆ 220 ರೂಪಾಯಿ, ಅವನ ಮಜೂರಿ 200. ನಮ್ಮ ಮೊದಲಿನ ಬ್ಯಾಟರಿಯೂ ಆಲ್ಟರ್ನೇಟರೂ ನೆಟ್ಟಗೇ ಇದ್ದಿರಬೇಕು. 10,000 ರೂಪಾಯಿ ತೆತ್ತು ನಾವು ಒಂದು ಜಂಗು ಹಿಡಿದ ಬೋಲ್ಟನ್ನು ಸಾಕಿದ್ದೆವು!

ಇಲ್ಲಿಯವರೆಗೆ ಮಿಸ್ತ್ರಿಯ ಠಕ್ಕತನದ ಮಾತಾಯಿತು. ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಆ ಮುದುಕನು 200 ರೂಪಾಯಿ ಕೇಳಿದಾಗ ನಮ್ಮ ಬಾಯಿಂದ ಬಂದ ಮಾತು ಯಾವುದು? "ಹತ್ತು ಮಿನಿಟಿನ ಕೆಲಸಕ್ಕೆ ಇಷ್ಟೇ?" ಎಂದು ನಾವು ಕೇಳಿದೆವು. ಅವನು ನಕ್ಕು, "ಕೆಲಸ ಹತ್ತು ಮಿನಿಟಿಂದು ಖರೆ, ಎಲ್ಲಿ ಮಾಡಬೇಕು ಅನ್ನೋದು ಗೊತ್ತಾಗಾಕ ನಲವತ್ತು ವರ್ಷ ಹಿಡದೈತ್ರೀ" ಎಂದನು. ನಮಗೆ ನಾಚಿಕೆಯಾಯಿತು. 5,800ರ ಸಾಮಾನಿಗೆ ಚೌಕಾಶಿ ಮಾಡದ ನಾವು 200ರ ತಿಳಿವಳಿಕೆಗೆ ಚೌಕಾಶಿ ಮಾಡಿದೆವು. ನಮ್ಮ ಸೀಮೆಯ ರೋಗದ ಬೇರು ಇಲ್ಲಿಯೇ ಇರುವದೆಂದು ನಮ್ಮ ಮತ. ಬರಿದೆ ನೋಡಿ ದೋಷ ಹೇಳಿದವನಿಗೆ ನಾವು ಚಹಾ ಕುಡಿಸಿ ಕಳಿಸುವೆವು. ಸಾಮಾನು ಬದಲಿಸಿದವನಿಗೆ ಸಾವಿರಗಟ್ಟಲೆ ಎಣಿಸುವೆವು. ಬಿಡಿಭಾಗಗಳ ಅಂಗಡಿಯವರು ಮಿಸ್ತ್ರಿಗೆ ಒಳಗಿಂದೊಳಗೆ ಕಮಿಶನ್ನು ಕೊಡುವ ರೂಢಿಯೂ ಉಂಟು. ಹೀಗಾದ ಮೇಲೆ ಅವನ ಹೊಟ್ಟೆಪಾಡು ಪರೀಕ್ಷೆಯಲ್ಲಿ ಉಳಿಯದೆ ಬದಲಾವಣೆಯಲ್ಲಿ ಸೇರಿತು. ಆದಕಾರಣ ನಾವು ಈಗ ಗ್ಯಾರೇಜಿಗೆ ಹೋದ ಕೂಡಲೆ, "ನೋಡಿದ್ದಕ್ಕೆ ನಿನ್ನ ಮಜೂರಿ ಎಷ್ಟು, ಮೊದಲು ಹೇಳು, ಏನೂ ಬದಲಿಸದಿದ್ದರೂ ಕೊಡುತ್ತೇವೆ" ಎನ್ನುವೆವು. ಈ ಒಂದು ಮಾತಿನಿಂದ ಮಿಸ್ತ್ರಿಯ ಮುಖ ಬದಲಾಗುವದನ್ನು ನಾವು ಕಂಡಿದ್ದೇವೆ.

ಮಿಸ್ತ್ರಿಯನ್ನು ಹುಡುಕುವಾಗ ಯಾರನ್ನು ಕೇಳಬೇಕು? ವಾರಕ್ಕೊಮ್ಮೆ ಗಾಡಿ ತೆಗೆಯುವ ನೆರೆಮನೆಯವರನ್ನಲ್ಲ. ಬಾಡಿಗೆ ಗಾಡಿ ಓಡಿಸುವವರನ್ನು ಬಸ್ಸು ನಿಲ್ದಾಣದ ಹತ್ತಿರ ಕೇಳಬೇಕು. ಗಾಡಿ ಒಂದು ದಿನ ನಿಂತರೆ ಅವರ ಮನೆಯ ಒಲೆ ನಿಲ್ಲುವದು; ಆದುದರಿಂದ ಅವರು ಸುಳ್ಳುಗಾರನ ಕಡೆಗೆ ಎರಡನೆಯ ಸಲ ಹೋಗುವದಿಲ್ಲ. ಹೆಸರು ತಿಳಿದ ಮೇಲೆಯೂ ಮೊದಲು ಸಣ್ಣ ಕೆಲಸ ಕೊಡುವದು ಲೇಸು. ಎಣ್ಣೆ ಬದಲಿಸಲು ಕೊಟ್ಟು, ಹಳೆಯ ಆಯಿಲ್ ಫಿಲ್ಟರಿನ ಮೇಲೆ ಬಣ್ಣದ ಒಂದು ಚುಕ್ಕೆ ಇಟ್ಟಿರಬೇಕು. ಗಾಡಿ ಮರಳಿ ಬಂದಾಗ ಆ ಚುಕ್ಕೆ ಅಲ್ಲಿಯೇ ಇದ್ದರೆ ಮುಂದಿನ ವಿಚಾರವೇ ಬೇಡ.

ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ಹಿಂಬದಿಯ ನೂಲು ನೋಡದೆ ರೊಕ್ಕ ಬಿಚ್ಚದ ನಮ್ಮ ಗೃಹಿಣಿಯರು, ಗಾಡಿಯ ಮಾತು ಬಂದೊಡನೆ ಅದು ಗಂಡಸರ ಕೆಲಸವೆಂದು ಹಿಂದೆ ಸರಿಯುವರು. ಇದು ಸರಿಯಲ್ಲ. ಬ್ರೇಕ್ ಪ್ಯಾಡು ಸವೆದಿದೆ ಎಂದರೆ ಗಾಲಿ ಬಿಚ್ಚಿ ತೋರಿಸೆನ್ನಬೇಕು. ಹೊಸ ಪ್ಯಾಡಿನ ತಿರುಳು ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟು ದಪ್ಪವಿರುವದು. 3ಕ್ಕೆ ಇಳಿದಾಗ ಬದಲಿಸಲೇಬೇಕು, 6 ಉಳಿದಿದ್ದರೆ ಅವಸರವಿಲ್ಲ. ಏರ್ ಫಿಲ್ಟರಿನ ಡಬ್ಬಿಯನ್ನು ಹೆಚ್ಚಿನ ಗಾಡಿಗಳಲ್ಲಿ ಮನೆಯಲ್ಲಿಯೇ ತೆರೆದು ನೋಡಬಹುದು. ನಮ್ಮ ಎರೆಮಣ್ಣಿನ ಧೂಳಿಗೆ ಅದು ಪುಸ್ತಕದಲ್ಲಿ ಹೇಳಿದುದಕ್ಕಿಂತ ಬೇಗನೆ ತುಂಬುವದು. ಹೊಸ ಸಾಮಾನಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆಯೂ ತಯಾರಕರ ಹೆಸರೂ ಅಚ್ಚಾಗಿರತಕ್ಕದ್ದು. ಪೆಟ್ಟಿಗೆಯಿಲ್ಲದೆ ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದ "ಒರಿಜಿನಲ್" ಸಾಮಾನನ್ನು ನಂಬಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಸಾಮಾನು ನಮ್ಮ ಕೈಗೆ ಬರಬೇಕೆಂಬುದನ್ನು ಕೆಲಸ ಮುಗಿದ ಮೇಲೆ ಹೇಳದೆ ಆರಂಭದಲ್ಲಿಯೇ ಹೇಳಬೇಕು. ಬ್ಯಾಟರಿಯ ಸಂಗತಿ ಮಾತ್ರ ಬೇರೆ; ಅದನ್ನು ಅಂಗಡಿಗೇ ಮರಳಿಸಿ, ಒಳಗಿನ ಸೀಸದ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಬೇಕು.

ದೊಡ್ಡ ಊರುಗಳ ಕಂಪನಿ ಗ್ಯಾರೇಜುಗಳಿಗೆ ಹೋದರೆ ಚಿಂತೆಯಿಲ್ಲವೆಂದು ಹಲವರು ತಿಳಿಯುವರು. ಅಲ್ಲಿ ಬಿಲ್ಲು ಖಂಡಿತ ದೊರೆಯುವದು. ಆದರೆ ಆ ಬಿಲ್ಲಿನಲ್ಲಿ ಗಾಡಿಯ ಪುಸ್ತಕವು ಕೇಳದಿರುವ ನಾಲ್ಕು ಬಗೆಯ ತೊಳೆಯುವಿಕೆಗಳೂ ಸೇರಿರಬಹುದು. ಹೊರಗಿನ ಮಿಸ್ತ್ರಿ ಮುಟ್ಟಿದರೆ ವಾರಂಟಿಯೇ ಹೋಯಿತೆಂಬ ಹೆದರಿಕೆಯೂ ಉಂಟು. 2014ನೆಯ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಮಿಸ್ತ್ರಿಗಳಿಗೆ ದೊರೆಯಗೊಡದಿದ್ದುದಕ್ಕಾಗಿ 14 ಮೋಟಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತು ಸಲ್ಲದೆಂದೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದೇನೇ ಇರಲಿ, ವಾರಂಟಿಯ ಕಾಗದವನ್ನು ಸ್ವತಃ ಓದದೆ ಕೌಂಟರಿನವರ ಬಾಯಿಮಾತಿಗೆ ಹೆದರಬೇಕಾದ ಕಾರಣವಿಲ್ಲ.

ಇಷ್ಟಾಗಿಯೂ ಜಗಳ ಬಂದರೆ ಗಾಡಿಯನ್ನು ಬಲಾತ್ಕಾರದಿಂದ ಎಳೆದು ತರಲು ಹೋಗಬಾರದು. 1872ರ ಕರಾರು ಕಾಯಿದೆಯ 170ನೆಯ ಕಲಮಿನಂತೆ, ಒಪ್ಪಿದ ಕೆಲಸವನ್ನು ಮಾಡಿ ಮುಗಿಸಿದವನು ತನ್ನ ಮಜೂರಿ ಬರುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಹಣ ಕೊಟ್ಟು, ಬಿಲ್ಲಿನ ಮೇಲೆಯೇ "ತಕರಾರಿನೊಡನೆ ಕೊಟ್ಟಿದೆ" ಎಂದು ಬರೆದು ಗಾಡಿ ಬಿಡಿಸಿಕೊಳ್ಳುವದು ಜಾಣತನ. ಬಿಲ್ಲು ಕೊಡದಿರುವದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಮೊದಲು 1915 ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಅದರಿಂದ ತೀರದಿದ್ದರೆ, ಈ ನಾಲ್ಕೂ ತಾಲೂಕಿನವರಿಗೆ ಬಾಗಲಕೋಟೆಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣವು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂಬ ನಿಯಮವೂ ಇಲ್ಲ. ಎರಡು ವರ್ಷಗಳೊಳಗೆ ಮಾತ್ರ ದೂರು ಸಲ್ಲಿಸತಕ್ಕದ್ದು.

ಮುಧೋಳದ ವಾಚಕರು ತಮ್ಮ ಹತ್ತಿರ ಬಿಲ್ಲಿಲ್ಲವೆಂದು ಬರೆದಿದ್ದಾರೆ. ಹಣವನ್ನು ಫೋನಿನ ಮುಖಾಂತರ ಕಳಿಸಿದ್ದರೆ ಅದರ ದಾಖಲೆ ಬ್ಯಾಂಕಿನಲ್ಲಿ ಇದ್ದೇ ಇರುವದು. ಎರಡನೆಯ ಮಿಸ್ತ್ರಿಯಿಂದ ತಾನು ಕಂಡುದನ್ನು ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆಯಿಸಿಕೊಳ್ಳಲಿ. ಹಳೆಯ ಪ್ಲೇಟಿನ ಚಿತ್ರವನ್ನು ತೆಗೆದಿಡಲಿ. ಆ ಪ್ಲೇಟನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಯವನಿಗೆ ಹಾಕಬಾರದು. ಚೀಟಿ ಬರೆದುಕೊಟ್ಟ ಮಿಸ್ತ್ರಿಗೆ, ಅವನು ಬೇಡವೆಂದರೂ, ಅರ್ಧ ದಿನದ ಮಜೂರಿ ಕೊಟ್ಟು ಬರಲಿ.