ಒತ್ತಿದ ಮೇಲೆ

ಕಳೆದ ವೈಶಾಖದ ಮಾತು. ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತ್ತು. ಹಳೆಯ ಸಹಪಾಠಿಯೊಬ್ಬನ ಸಂಖ್ಯೆಯಿಂದ ನನ್ನ ಫೋನಿಗೆ ಸಂದೇಶ ಬಂದಿತು: "ತಂಗಿಯ ಮದುವೆ, ತಪ್ಪದೆ ಬರಬೇಕು." ಕೆಳಗೆ ಆಮಂತ್ರಣ. ಒತ್ತಿದೆ. ಲಗ್ನಪತ್ರಿಕೆ ತೆರೆಯಲಿಲ್ಲ, ಯಾವುದೋ ಆಪನ್ನು ಸ್ಥಾಪಿಸಲೇ ಎಂದು ಫೋನು ಕೇಳಿತು. ಹೂಂ ಎಂದೆ. ನನ್ನ ಸಂದೇಶಗಳನ್ನು ಓದಲು ಅನುಮತಿ ಬೇಡಿತು. ಮದುವೆಗೆ ಕರೆಯುವವರಿಗೆ ನನ್ನ ಸಂದೇಶಗಳೇಕೆ ಎಂದು ಹೊಳೆಯುವಷ್ಟರಲ್ಲಿ ಹೆಬ್ಬೆರಳು ಅದನ್ನೂ ಕೊಟ್ಟಾಗಿತ್ತು. ತರಗತಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಬಿಡಿಸಿ ಹೇಳುವ ಉಪನ್ಯಾಸಕನ ಪಾಡು ಇದು!

ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ, "ಸಾರ್, ಮೊದಲು ನೆಟ್ ಆಫ್ ಮಾಡಿ" ಎಂದು ಫೋನನ್ನು ಏರೋಪ್ಲೇನ್ ಮೋಡಿಗೆ ತಂದ. ತನ್ನ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿಸಿ ಖಾತೆಯನ್ನು ತಡೆಹಿಡಿಸಿದ. ಹಣ ಉಳಿಯಿತು.

ಸಂಜೆ ಚಿಕ್ಕಪ್ಪನ ಮನೆಯಲ್ಲಿ ಈ ಪ್ರಸಂಗವನ್ನು ಹೇಳಿ ನಗುತ್ತಿದ್ದೆ. ಅವರು ನಗಲಿಲ್ಲ. ಬಹಳ ಹೊತ್ತಿನ ಮೇಲೆ, "ನಾನೂ ಹೋದ ತಿಂಗಳು ಒತ್ತಿದೆ ಕಣೋ. ಅಡಿಕೆ ಮಾರಿದ ದುಡ್ಡು ಹೋಯಿತು. ಹುಡುಗರು ನಕ್ಕಾರು ಅಂತ ಯಾರಿಗೂ ಹೇಳಲಿಲ್ಲ" ಎಂದರು. ಅಷ್ಟು ಹೊತ್ತಿಗೆ ಆ ಹಣ ಕೈಗೆ ಸಿಕ್ಕದಷ್ಟು ದೂರ ಸಾಗಿತ್ತು.

ವಾಚಕರೆ, ನಮ್ಮಿಬ್ಬರ ತಪ್ಪೂ ಒಂದೇ. ವ್ಯತ್ಯಾಸವಾದುದು ಒತ್ತಿದ ಮೇಲಿನ ನಡತೆಯಲ್ಲಿ.

ಬರಿಯ ಕೊಂಡಿಯನ್ನು ಒತ್ತಿದ ಮಾತ್ರಕ್ಕೆ ಸಾಮಾನ್ಯವಾಗಿ ಸರ್ವಸ್ವವೂ ಹೋಗುವುದಿಲ್ಲ. ಪುಟವನ್ನು ಮುಚ್ಚಿ, ಏನನ್ನೂ ಬರೆಯದಿದ್ದರೆ ಬಹುಮಟ್ಟಿಗೆ ಕ್ಷೇಮ. ಅಪಾಯವಿರುವುದು ಗುಪ್ತಪದ, ಪಿನ್ನು, ಓಟಿಪಿಗಳನ್ನು ಕೊಟ್ಟಾಗ. ಇಲ್ಲವೆ ಎಪಿಕೆ ಎಂಬ ಕಡತವನ್ನು ಸ್ಥಾಪಿಸಿದಾಗ. ಅಂಥ ಆಪು ಬ್ಯಾಂಕಿನ ಓಟಿಪಿಯನ್ನು ಓದಿ ಕಳ್ಳನಿಗೆ ರವಾನಿಸಬಲ್ಲದು. ಆದುದರಿಂದಲೇ ಮೊದಲು ಸಂಪರ್ಕವನ್ನು ಕಡಿಯಬೇಕು. ಬಳಿಕ ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ, ಕಾರ್ಡು, ಯುಪಿಐಗಳನ್ನು ನಿಲ್ಲಿಸಬೇಕು. ಗುಪ್ತಪದಗಳನ್ನೂ ಬೇರೆ ಯಂತ್ರದಿಂದಲೇ ಬದಲಿಸಬೇಕು. ಆಪನ್ನು ಕಿತ್ತುಹಾಕಿ. ಅದು ಹಟ ಹಿಡಿದರೆ, ಸೆಟ್ಟಿಂಗ್ಸಿನಲ್ಲಿ ಅದಕ್ಕೆ ದೊರೆತ ಅಧಿಕಾರಗಳನ್ನು ಹಿಂತೆಗೆದುಕೊಂಡು ಮತ್ತೆ ಯತ್ನಿಸಿ. ಅದಕ್ಕೂ ಜಗ್ಗದಿದ್ದರೆ, ಚಿತ್ರಗಳನ್ನು ಉಳಿಸಿಕೊಂಡು ಫೋನನ್ನು ಹೊಸತರಂತೆ ಪೂರ್ಣವಾಗಿ ಅಳಿಸುವುದೇ ಲೇಸು. ವಾಟ್ಸಾಪಿನಲ್ಲಿ ಪರರ ಯಂತ್ರವೇನಾದರೂ ಜೋಡಿಯಾಗಿದೆಯೆ ನೋಡಿ. ನಿಮ್ಮ ಹೆಸರಿನಲ್ಲಿ ಬಂಧುಗಳಿಗೆ ಅದೇ ಆಮಂತ್ರಣ ಹೋಗಿರಬಹುದು. ಅವರಿಗೂ ಎಚ್ಚರಿಕೆ ಹೇಳಿ. ನನ್ನ ಸಹಪಾಠಿಗೂ ಹೀಗೆಯೇ ಆಗಿತ್ತು. ಅವನಿಗೆ ತಂಗಿಯೇ ಇಲ್ಲ!

ಹಣ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ ಕರೆಮಾಡಿ. ಇದು ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣವು ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಯುವುದೇ ಇದರ ಉದ್ದೇಶ. ಬೇಗ ತಿಳಿಸಿದಷ್ಟೂ ಫಲ ಹೆಚ್ಚು. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯೂ ಗ್ರಾಹಕನು ದೂರು ಕೊಟ್ಟ ವೇಳೆಗೆ ಮಹತ್ವ ಕೊಟ್ಟಿತ್ತು: ಗ್ರಾಹಕನ ಅಜಾಗ್ರತೆಯಿಂದಲೇ ಮೋಸವಾಗಿದ್ದರೂ, ಆತನು ಬ್ಯಾಂಕಿಗೆ ತಿಳಿಸಿದ ಅನಂತರದ ನಷ್ಟ ಬ್ಯಾಂಕಿನದು ಎಂದಿತ್ತು.

ಹೀಗಿರುವಾಗ ಕಳ್ಳನಿಗೆ ಅತ್ಯಂತ ನೆರವಾಗುವುದು ನಮ್ಮ ನಾಚಿಕೆ. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಭ್ರಾಂತೇಶನೆಂದೂ ಹೆಸರು. ಭ್ರಾಂತಿ ಯಾರನ್ನೂ ಬಿಟ್ಟುದಲ್ಲ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನು?

ಚಿಕ್ಕಪ್ಪನ ಪಡಸಾಲೆಯ ಕ್ಯಾಲೆಂಡರಿನ ಮೇಲೆ ಈಗ ೧೯೩೦ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಮೊನ್ನೆ ಹೋದಾಗ, ನೆರೆಮನೆಯವರನ್ನು ಕೂರಿಸಿಕೊಂಡು ತಮ್ಮ ಕಥೆಯನ್ನು ಅವರೇ ಹೇಳುತ್ತಿದ್ದರು.